ಯಂತ್ರ ಸರಿಹೋಗುವ ತನಕ

ಜೂನ್ 4

ಮಾವನಿಗೆ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ, ಯಂತ್ರಕ್ಕೆ ಆಗಿದೆ. ನಿಮ್ಮ ಹಿತ್ತಲಿನ ಶೆಡ್ಡಿನಲ್ಲಿ ನಾವಿಬ್ಬರೂ ಒಂದೂವರೆ ವರ್ಷ ಕೂತು ಜೋಡಿಸಿದ ಆ ಮರ ಕೊರೆಯುವ ಯಂತ್ರ ಈಗ ಹೇಳಿದ ಮಾತು ಕೇಳುತ್ತಿಲ್ಲ. ಕಂಪ್ಯೂಟರ್ ಒಂದು ದಾರಿ ಹೇಳಿದರೆ ಅದು ಎಡಕ್ಕೆ, ಇನ್ನಷ್ಟು ಎಡಕ್ಕೆ ಜರುಗುತ್ತಾ ಹೋಗುತ್ತದೆ.

ಮಾವ ಅಂತ ಬರೆಯುವಾಗ ಕೈ ಒಂದು ಗಳಿಗೆ ತಡೆಯಿತು. ಮಾರ್ಚಿನಲ್ಲಿ ನಿಮ್ಮ ಮಗನೂ ನಾನೂ ಕೋರ್ಟಿನಲ್ಲಿ ಸಹಿ ಹಾಕಿದ ಮೇಲೆ ಹಾಗೆ ಕರೆಯಬಹುದೋ ಇಲ್ಲವೋ. ಏಳು ವರ್ಷ ಕರೆದ ಬಾಯಿಗೆ ಬೇರೆ ಏನೂ ಹೊಳೆಯಲಿಲ್ಲ. ತಲೆತುಂಬ ಮರದ ಪುಡಿ ಹೊತ್ತು ಓಡಾಡುತ್ತೇನೆ ಅಂತ ನೀವು ನನಗೆ ಇಟ್ಟ ಹೆಸರನ್ನೇ ಕೆಳಗೆ ಬರೆಯುತ್ತೇನೆ. ಅದನ್ನು ಕೋರ್ಟಿನವರು ವಾಪಸ್ ಕೇಳಲಿಲ್ಲ.

ಕಣ್ಣು ಕಾಣದ ಮಕ್ಕಳ ಶಾಲೆಯವರು ಅಕ್ಷರ ಕೊರೆದ ಇಪ್ಪತ್ನಾಲ್ಕು ಹಲಗೆ ಕೇಳಿದ್ದಾರೆ. ತೋಡಿದ ಗೀರಿನಲ್ಲಿ ಮಗು ಬೆರಳಿಟ್ಟು ಸಾಗುತ್ತಾ ಅಕ್ಷರ ಕಲಿಯಬೇಕು. ಆಗಸ್ಟ್ ಕೊನೆಯೊಳಗೆ ಕೊಡಬೇಕು. ಮೊದಲನೆಯದನ್ನು ಒಯ್ದು ತೋರಿಸಿದೆ. ನನ್ನ ಕಣ್ಣಿಗೆ ಚೆನ್ನಾಗೇ ಇತ್ತು. ಅಲ್ಲಿಯ ಟೀಚರಿಗೂ ಕಣ್ಣು ಕಾಣದು. ಅವರು ಒಂದೇ ಸಲ ಬೆರಳಾಡಿಸಿ, ಗೀರಿನ ಗೋಡೆಯಲ್ಲಿ ಮೆಟ್ಟಿಲಿದೆಯಲ್ಲಮ್ಮ ಅಂದರು. ಯಂತ್ರ ಒಂದೇ ಗೀರನ್ನು ನಾಲ್ಕು ಸಲ ಆಳ ಮಾಡುತ್ತದಲ್ಲ, ಪ್ರತಿ ಸಲವೂ ಚೂರು ಎಡಕ್ಕೆ ಹೋಗಿದೆ. ನಾಚಿಕೆಯಿಂದ ಮುಖ ಕೆಂಪಾಯಿತು, ಅವರಿಗೆ ಕಾಣದಿದ್ದರೂ.

ಫೋನ್ ಮಾಡಿದರೆ ನಿಮ್ಮ ಕಿವಿಗೆ ಕೇಳಿಸದು, ಮೊಬೈಲಿನಲ್ಲಿ ಕಳಿಸಿದರೆ ಇರುವೆ ಸಾಲು ಅಂತ ನೀವು ಓದುವುದಿಲ್ಲ. ಅದಕ್ಕೇ ಅಂಚೆ. ನಾನು ಬಾಡಿಗೆಗಿರುವುದು ಒಂದು ಲಾಂಡ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಯಂತ್ರ ಕಿಟಕಿಯ ಪಕ್ಕ ಇದೆ, ಉಳಿದ ಜಾಗದಲ್ಲಿ ನಾನಿದ್ದೇನೆ. ಏನು ಮಾಡಲಿ ಹೇಳಿ.

ಇತಿ,
ಚಕ್ಕೆ

ಜೂನ್ 11

ಚಕ್ಕೆಗೆ,

ಕಾಗದ ತಲುಪಿತು. ಯಂತ್ರಕ್ಕೆ ಮೊದಲು ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಕದ್ದು ಮುಚ್ಚಿ ಕಾಗದ ಓದುವ ವಯಸ್ಸಲ್ಲ ನನ್ನದು. ಮಗನಿಗೆ ತೋರಿಸಿದೆ. ಓದಿದ, ಮಡಚಿದ, ನನ್ನ ಸ್ಲೇಟು ತೆಗೆದುಕೊಂಡು ಬರೆದ: ಯಂತ್ರ ಸರಿಹೋಗುವ ತನಕ ಬರೆದುಕೋ ಅಪ್ಪಾ, ಅದರದ್ದು ಮಾತ್ರ ಬರೆ, ಆಮೇಲೆ ಬೇಡ, ನನ್ನ ಕೈಲಿ ಆಗುವುದಿಲ್ಲ. ನಾನು ಆಗಲಿ ಅಂದೆ. ಒಂದೇ ಸೂರಿನಡಿ ಇರುವವರು. ಅವನ ಮುಖವನ್ನೂ ನಾನು ನೋಡಬೇಕಲ್ಲ. ಹಾಗಾಗಿ ಈ ಕಾಗದಗಳಲ್ಲಿ ಯಂತ್ರದ ವಿಚಾರ ಮಾತ್ರ.

ಕಣ್ಣಾರೆ ನೋಡದೆ ಊಹೆ ಮಾಡುವುದು ನನ್ನ ಜಾಯಮಾನವಲ್ಲ. ಒಂದು ಹಲಗೆ ತುಂಡು ತಗೋ. ಮೇಲಿನಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ಹತ್ತು ಚುಕ್ಕೆ ಕೊರೆಯಲು ಹೇಳು. ಆದರೆ ಪ್ರತಿ ಚುಕ್ಕೆಯ ನಡುವೆ ಯಂತ್ರ ಬಲಕ್ಕೂ ಎಡಕ್ಕೂ ಉದ್ದಕ್ಕೆ ಓಡಾಡಿ ಬರಬೇಕು. ಯಂತ್ರ ನೆಟ್ಟಗಿದ್ದರೆ ಚುಕ್ಕೆಗಳು ನೆಟ್ಟಗೆ ಇರುತ್ತವೆ. ಜರುಗಿದರೆ ಸಾಲು ಓರೆಯಾಗುತ್ತದೆ. ತುಂಡನ್ನು ನನಗೆ ಕಳಿಸು, ವರ್ನಿಯರ್ ಹಿಡಿದು ಅಳೆಯುತ್ತೇನೆ.

ಇನ್ನೊಂದು. ಎಡ ಬಲ ಓಡಿಸುವ ಮೋಟರಿನ ಶಾಫ್ಟಿನ ತುದಿಗೂ ಅದರ ಮೇಲೆ ಕೂತು ಬೆಲ್ಟು ಎಳೆಯುವ ಪುಲ್ಲಿಗೂ ಸೇರಿಸಿ ಒಂದು ಗೆರೆ ಎಳೆ. ಬಿಳಿ ಬಣ್ಣದ ಪೆನ್ ಇದ್ದರೆ ಒಳ್ಳೆಯದು. ಕೆಲಸ ಮುಗಿದ ಮೇಲೆ ಆ ಗೆರೆ ಒಂದೇ ಆಗಿದೆಯೋ ಎರಡಾಗಿದೆಯೋ ನೋಡು.

ಇತಿ,
ಮಾವ

ಜೂನ್ 20

ಮಾವ,

ಗೆರೆ ಎರಡಾಗಿದೆ. ಶಾಫ್ಟಿನ ಮೇಲಿನದು ಒಂದು ಕಡೆ, ಪುಲ್ಲಿಯ ಮೇಲಿನದು ಇನ್ನೊಂದು ಕಡೆ, ಮಾತು ಬಿಟ್ಟವರ ಹಾಗೆ. ಚುಕ್ಕೆಯ ತುಂಡು ಇದರ ಜೊತೆ ಇದೆ. ಪೋಸ್ಟ್ ಆಫೀಸಿನವರು ಒಳಗೇನು ಅಂತ ಕೇಳಿದರು. ಹತ್ತು ತೂತು ಅಂದೆ. ಅವರು ಮತ್ತೆ ಏನೂ ಕೇಳಲಿಲ್ಲ.

ನೀವು ಯಂತ್ರದ್ದು ಮಾತ್ರ ಅಂದಿದ್ದೀರಿ. ಒಪ್ಪಿದೆ. ನಿಮ್ಮ ಮಗ ಹೇಳಿದ್ದರಲ್ಲಿ ತಪ್ಪಿಲ್ಲ. ಕೊನೆಯಲ್ಲಿ ಮಾವ ಅಂತ ಸಹಿ ಮಾಡಿದ್ದೀರಲ್ಲ, ನನಗೆ ಅಷ್ಟು ಸಾಕು.

ಇತಿ,
ಚಕ್ಕೆ

ಜೂನ್ 28

ಚಕ್ಕೆಗೆ,

ತುಂಡು ಬಂತು. ಅಳೆದೆ. ಎರಡನೇ ಚುಕ್ಕೆ ಕೂದಲೆಳೆಯಷ್ಟು ಎಡಕ್ಕಿದೆ. ಮೂರನೆಯದು ಅಲ್ಲೇ ಇದೆ. ನಾಲ್ಕನೆಯದು ಒಮ್ಮೆಗೇ ಮುಕ್ಕಾಲು ಮಿಲಿಮೀಟರ್ ಹಾರಿದೆ. ಆಮೇಲೆ ಸ್ವಲ್ಪ, ಮತ್ತೆ ಹೆಚ್ಚು. ಕುಡಿದವನ ನಡಿಗೆ. ಪುಲ್ಲಿ ಜಾರುವಾಗ ಹೀಗೇ ಆಗುವುದು. ದಿಕ್ಕು ಬದಲಿಸಿದಾಗಲೆಲ್ಲ ಶಾಫ್ಟು ತಿರುಗುತ್ತದೆ, ಪುಲ್ಲಿ ಸೋಮಾರಿತನ ಮಾಡುತ್ತದೆ.

ಪುಲ್ಲಿಯ ಕುತ್ತಿಗೆಯಲ್ಲಿ ತಲೆಯಿಲ್ಲದ ಎರಡು ಪುಟ್ಟ ಸ್ಕ್ರೂ ಇವೆ. ಬಿಚ್ಚು. ಶಾಫ್ಟಿನ ಮೇಲೆ ಸ್ಕ್ರೂ ಕೂರುವ ಜಾಗವನ್ನು ಸಣ್ಣ ಅರದಿಂದ ಚಪ್ಪಟೆ ಮಾಡು. ದುಂಡಗಿನ ಮೈಯ ಮೇಲೆ ಸ್ಕ್ರೂ ಎಷ್ಟು ಒತ್ತಿದರೂ ಜಾರುತ್ತದೆ. ಉಜ್ಜುವಾಗ ಕಬ್ಬಿಣದ ಪುಡಿ ಮೋಟರಿನೊಳಗೆ ಹೋಗದ ಹಾಗೆ ಬಟ್ಟೆ ಸುತ್ತು. ಸ್ಕ್ರೂ ಅಂಟು ಒಂದು ತೊಟ್ಟು ಹಾಕಿ ಬಿಗಿ ಮಾಡು. ಒಂದು ದಿನ ಒಣಗಲಿ. ಈ ಚಪ್ಪಟೆ ನಾನೇ ಶೆಡ್ಡಿನಲ್ಲಿ ಮಾಡಿ ಕೊಡಬೇಕಿತ್ತು. ಮರೆತೆ. ತಪ್ಪು ನನ್ನದು.

ಇದರಿಂದ ಸರಿಹೋಗುತ್ತದೆ. ಸರಿಹೋದರೆ ಒಂದು ಸಾಲು ಬರೆ, ಸಾಕು.

ನಿಮ್ಮತ್ತೆ ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ ಅಂತ ಕೇಳು ಅಂದಳು. ಅದು ಯಂತ್ರದ ವಿಚಾರ ಅಲ್ಲ, ಬರೆಯಲಾರೆ ಅಂದೆ. ಬರೆದುಬಿಟ್ಟೆ ನೋಡು. ಹೊಡೆದು ಹಾಕಿದರೆ ಗಲೀಜು, ಇರಲಿ ಬಿಡು.

ಇತಿ,
ಮಾವ

ಜುಲೈ 13

ಮಾವ,

ತಡವಾಯಿತು. ಒಂದು ಸಾಲು ಬರೆ ಅಂದಿದ್ದಿರಿ. ಹತ್ತು ದಿನ ಆ ಸಾಲು ಬರೆಯಲಾಗದೆ ಒದ್ದಾಡಿದೆ.

ನೀವು ಹೇಳಿದ ಹಾಗೇ ಮಾಡಿದೆ. ಬಟ್ಟೆ ಸುತ್ತಿದೆ, ಉಜ್ಜಿದೆ, ಅಂಟು ಹಾಕಿದೆ. ಆದರೆ ಇನ್ನೂ ಜರುಗುತ್ತಿದೆ ಮಾವ. ಮೊದಲಿನಷ್ಟು ಇಲ್ಲ, ಆದರೂ ಇದೆ. ಎರಡನೇ ತುಂಡು ಕಳಿಸಿದ್ದೇನೆ. ಬೆಲ್ಟು ಸಡಿಲವಾಗಿರಬಹುದೇ? ಬೇರೆ ಏನೇನು ಕಾರಣ ಇರಬಹುದು? ಎಲ್ಲವನ್ನೂ ವಿವರವಾಗಿ ಬರೆಯಿರಿ. ಅವಸರವಿಲ್ಲ.

ಕೆಳಗೆ ಲಾಂಡ್ರಿಯ ಅಮ್ಮ ಇಡೀ ದಿನ ಇಸ್ತ್ರಿ ಮಾಡುತ್ತಾರೆ, ಆವಿ ನೆಲದ ಹಲಗೆಯ ಸಂದಿಯಿಂದ ಮೇಲೆ ಬರುತ್ತದೆ. ಬೆಳಿಗ್ಗೆ ಬೇರೆಯವರ ಒಗೆದ ಬಟ್ಟೆಯ ವಾಸನೆಗೆ ಎಚ್ಚರವಾಗುತ್ತದೆ. ಇದು ಯಂತ್ರದ ವಿಚಾರವೇ. ಆವಿಗೆ ಮರ ಉಬ್ಬಬಹುದಲ್ಲ.

ಅತ್ತೆಗೆ ಹೇಳಿ, ಊಟ ಮಾಡುತ್ತೇನೆ. ಅವರ ಮೊಣಕಾಲು ನೋವು ಯಂತ್ರದ ವಿಚಾರವಲ್ಲ, ಆದರೂ ಕೇಳಿದೆ ಅನ್ನಿ.

ಇತಿ,
ಚಕ್ಕೆ

ಜುಲೈ 22

ಚಕ್ಕೆಗೆ,

ಎರಡನೇ ತುಂಡು ಅಳೆದೆ. ಎರಡು ಸಲ ಅಳೆದೆ. ಕನ್ನಡಕ ಒರೆಸಿಕೊಂಡು ಮೂರನೇ ಸಲವೂ ಅಳೆದೆ.

ಸರಿ. ಬೆಲ್ಟು ನೋಡು. ನಡುವೆ ಬೆರಳಿನಿಂದ ಮೀಟಿದರೆ ದಪ್ಪ ತಂತಿಯ ಹಾಗೆ ಗುಂಯ್ ಅನ್ನಬೇಕು, ಪಟಪಟ ಅನ್ನಬಾರದು. ಹಲ್ಲುಗಳ ಸಂದಿಯಲ್ಲಿ ಮರದ ಪುಡಿ ಕೂತಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆ. ಆಮೇಲೆ ಕಂಬಿಯ ಮೇಲೆ ಓಡುವ ಚಕ್ರಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ನೋಡು. ಇಷ್ಟು ಮಾಡಿ, ಒಂದು ತುಂಡನ್ನು ಮೆಲ್ಲಗೆ ಓಡಿಸಿ ಕೊರೆ, ಇನ್ನೊಂದನ್ನು ಜೋರಾಗಿ ಓಡಿಸಿ ಕೊರೆ. ಒಂದು ಮೆತ್ತನೆ ಮರ, ಒಂದು ಗಟ್ಟಿ ಮರ. ಎರಡನ್ನೂ ಕಳಿಸು. ಆವಿಯ ವಿಚಾರ ಹೇಳಿದ್ದು ಒಳ್ಳೆಯದಾಯಿತು. ಕೋಣೆಗೆ ಎಷ್ಟು ಕಿಟಕಿ, ಯಾವ ಹೊತ್ತಿಗೆ ಬಿಸಿಲು ಬರುತ್ತದೆ, ನೀನು ಎಷ್ಟು ಗಂಟೆಗೆ ಏಳುತ್ತೀಯ, ಎಷ್ಟು ಹೊತ್ತು ಯಂತ್ರದ ಮುಂದೆ ಇರುತ್ತೀಯ, ಎಲ್ಲ ಬರೆ. ಇವೆಲ್ಲ ಬೇಕಾಗುತ್ತವೆ.

ಮೊಣಕಾಲು ಹಾಗೇ ಇದೆ. ಮೆಟ್ಟಿಲಿಗೊಂದು ಬೈಗುಳ ಬೈದುಕೊಂಡು ಹತ್ತುತ್ತಾಳೆ. ನನಗೆ ಕೇಳಿಸುವುದಿಲ್ಲ ಅಂತ ಧೈರ್ಯ. ತುಟಿ ಓದುವುದು ಕಲಿತಿದ್ದೇನೆ ಅಂತ ಅವಳಿಗೆ ಹೇಳಿಲ್ಲ.

ಇತಿ,
ಮಾವ

ಆಗಸ್ಟ್ 6

ಮಾವ,

ಬೆಲ್ಟು ಗುಂಯ್ ಅನ್ನುತ್ತದೆ. ಚಕ್ರಗಳು ಸರಿಯಾಗಿವೆ. ಮೂರನೇ ತುಂಡು, ನಾಲ್ಕನೇ ತುಂಡು ಕಳಿಸಿದ್ದೇನೆ. ಏನು ಮಾಡಿದರೂ ಜರುಗುವುದು ಬಿಟ್ಟಿಲ್ಲ.

ಕೋಣೆಗೆ ಎರಡು ಕಿಟಕಿ. ಒಂದು ಬೀದಿಗೆ, ಒಂದು ಪಕ್ಕದ ಮನೆಯ ಗೋಡೆಗೆ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಬಿಸಿಲು ಯಂತ್ರದ ಮೇಲೆ ಬೀಳುತ್ತದೆ, ಆಮೇಲೆ ನನ್ನ ಹಾಸಿಗೆಯ ಮೇಲೆ, ಆಮೇಲೆ ಹೊರಟುಹೋಗುತ್ತದೆ. ಆರಕ್ಕೆ ಏಳುತ್ತೇನೆ. ಯಂತ್ರದ ಮುಂದೆಯೇ ಇರುತ್ತೇನೆ, ಬೇರೆ ಎಲ್ಲಿರಲಿ. ಅದರ ಸದ್ದು ಜೋರು, ಆದರೆ ನಿಲ್ಲಿಸಿದಾಗ ಕೋಣೆ ಇನ್ನೂ ಜೋರಾಗಿ ಸುಮ್ಮನಿರುತ್ತದೆ. ಅದಕ್ಕೇ ಕೆಲವು ಸಲ ಕೊರೆಯಲು ಏನೂ ಇಲ್ಲದಿದ್ದರೂ ಓಡಿಸುತ್ತೇನೆ.

ಟೀಚರು ಮೊನ್ನೆ ಹನ್ನೆರಡು ಹಲಗೆಗಳನ್ನು ಮುಟ್ಟಿ ನೋಡಿದರು. ಒಂದು ಕಡೆಯೂ ಬೆರಳು ತಡೆಯಲಿಲ್ಲ, ನೀರಿನಲ್ಲಿ ಕೈಯಾಡಿಸಿದ ಹಾಗಿದೆ ಅಂದರು. ಒಬ್ಬ ಪುಟ್ಟ ಹುಡುಗಿ ತನ್ನ ಹೆಸರಿನ ಮೊದಲ ಅಕ್ಷರ ಸಿಕ್ಕಿತು ಅಂತ ಆ ಹಲಗೆಯನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ನಿಮಗೆ ಹೇಳಬೇಕು ಅನ್ನಿಸಿತು. ಹಲಗೆ ಹೇಗೋ ಸರಿ ಬಂದವು. ಪರೀಕ್ಷೆಯ ತುಂಡುಗಳಲ್ಲಿ ಮಾತ್ರ ಈ ತೊಂದರೆ.

ಇತಿ,
ಚಕ್ಕೆ

ಆಗಸ್ಟ್ 15

ಚಕ್ಕೆಗೆ,

ಹಲಗೆ ಸರಿ ಬಂದು ಪರೀಕ್ಷೆಯ ತುಂಡು ಮಾತ್ರ ತಪ್ಪುವ ಯಂತ್ರವನ್ನು ನಾನು ಕಂಡಿಲ್ಲ. ಹಾಗಂತ ಇರಬಾರದು ಅಂತೇನಿಲ್ಲ. ಇದು ಕೂಲಂಕಷವಾಗಿ ನೋಡಬೇಕಾದ ವಿಷಯ. ಬೇಗ ಮುಗಿಯುವಂಥದ್ದಲ್ಲ.

ಮೋಟರ್ ಬಿಸಿಯಾದರೆ ಹೆಜ್ಜೆ ತಪ್ಪುವುದುಂಟು. ಬಿಸಿಲು ಬೀಳುವ ಹೊತ್ತಿನಲ್ಲಿ ಒಮ್ಮೆ, ಬಿಸಿಲು ಹೋದ ಮೇಲೆ ಒಮ್ಮೆ ಕೈಯಿಟ್ಟು ನೋಡಿ ಬರೆದಿಡು. ಹದಿನೈದು ದಿನ ಬರೆದಿಡಬೇಕು. ತಂತಿಗಳ ವಿಚಾರ ಅದಾದ ಮೇಲೆ ನೋಡೋಣ. ತಂತಿಗಳದ್ದೇ ಒಂದು ತಿಂಗಳಾಗುತ್ತದೆ.

ಆ ಹುಡುಗಿಯ ವಿಷಯ ಬರೆದದ್ದನ್ನು ನಿಮ್ಮತ್ತೆಗೆ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ.

ಇತಿ,
ಮಾವ

ಸೆಪ್ಟೆಂಬರ್ 2

ನಿನಗೆ,

ನಾನು ಬರೆಯುತ್ತಿರುವುದು ನೋಡಿ ಆಶ್ಚರ್ಯವಾಗಬಹುದು. ಏಳು ವರ್ಷ ಒಂದೇ ಮನೆಯಲ್ಲಿದ್ದೆವು, ಕಾಗದ ಬರೆಯುವ ಸಂದರ್ಭ ಬರಲಿಲ್ಲ. ಮಾತಾಡುವ ಸಂದರ್ಭಗಳು ಬಂದಿದ್ದವು. ಅವನು ಮೊದಲು ಮಾತಾಡಲಿ ಅಂತ ನೀನು, ಅವಳು ಮೊದಲು ಮಾತಾಡಲಿ ಅಂತ ನಾನು. ಅದರ ಬಗ್ಗೆ ಈಗ ಬರೆಯುವುದಿಲ್ಲ.

ಅಪ್ಪ ನಿನ್ನ ತುಂಡುಗಳನ್ನು ಊಟದ ಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದಾರೆ. ಎರಡು ತಿಂಗಳು ಅವನ್ನು ನೋಡದ ಹಾಗೆ ಓಡಾಡಿದೆ. ಭಾನುವಾರ ಉತ್ತರಪತ್ರಿಕೆ ತಿದ್ದಲು ಅಲ್ಲಿ ಕೂತೆ. ಲೆಕ್ಕದ ಮೇಷ್ಟ್ರ ಬುದ್ಧಿ, ಕಣ್ಣು ಚುಕ್ಕೆಗಳ ಮೇಲೆ ಹೋಯಿತು. ಅಳೆದೆ.

ಮೊದಲ ತುಂಡು ನಿಜವಾದ ದೋಷದ್ದು. ಎರಡನೆಯದರಲ್ಲಿ ಪ್ರತಿ ಚುಕ್ಕೆಯೂ ಹಿಂದಿನದಕ್ಕಿಂತ ಸರಿಯಾಗಿ ಅರ್ಧ ಮಿಲಿಮೀಟರ್ ಪಕ್ಕಕ್ಕೆ. ಮೂರನೆಯದು, ನಾಲ್ಕನೆಯದೂ ಅಷ್ಟೇ. ತುಂಡಿನ ಹಿಂದೆ ನೀನೇ ಬರೆದಿರುವಂತೆ, ಮೆಲ್ಲಗೆ ಓಡಿಸಿದರೂ ಅರ್ಧ, ಜೋರಾಗಿ ಓಡಿಸಿದರೂ ಅರ್ಧ, ಮೆತ್ತನೆ ಮರಕ್ಕೂ ಗಟ್ಟಿ ಮರಕ್ಕೂ ಅರ್ಧ. ಕೆಟ್ಟ ಯಂತ್ರ ಇಷ್ಟು ಶಿಸ್ತಾಗಿ ತಪ್ಪು ಮಾಡುವುದಿಲ್ಲ. ಅದೂ ಅಲ್ಲದೆ ಮೊದಲನೆಯದು ಎಡಕ್ಕೆ ಜರುಗಿತ್ತು, ಉಳಿದ ಮೂರೂ ಬಲಕ್ಕೆ. ಜರುಗಿಸುವ ಸಂಖ್ಯೆಯನ್ನು ಪ್ರೋಗ್ರಾಮಿನಲ್ಲಿ ನೀನೇ ಬರೆದಿದ್ದೀಯ, ಮೈನಸ್ ಹಾಕುವ ಕಡೆ ಪ್ಲಸ್ ಹಾಕಿದ್ದೀಯ. ನಾನು ಕಲಿಸಿದಾಗಲೂ ಅದೊಂದರಲ್ಲಿ ನೀನು ಎಡವುತ್ತಿದ್ದೆ. ಮೊದಲು ಸಿಟ್ಟು ಬಂತು. ಆಮೇಲೆ ಆ ಪ್ಲಸ್ಸನ್ನು ನೆನೆಸಿಕೊಂಡು ಒಬ್ಬನೇ ಕೂತು ನಕ್ಕೆ, ಆಮೇಲೆ ನಗಲಾಗಲಿಲ್ಲ.

ಅಪ್ಪನಿಗೆ ಹೇಳಿಬಿಡೋಣ ಅಂತ ಸ್ಲೇಟಿನಲ್ಲಿ ಬರೆದೆ: ಇದು ಯಂತ್ರದ ದೋಷವಲ್ಲ, ಅವಳೇ ಮಾಡಿದ್ದು. ಅವರು ಓದಿ ಅಳಿಸಿದರು.

"ಎರಡನೇ ತುಂಡು ಬಂದ ದಿನವೇ ಗೊತ್ತು ಕಣೋ. ಮೂವತ್ತೆಂಟು ವರ್ಷ ಕಾರ್ಖಾನೆಯಲ್ಲಿ ಅಳೆದುಕೊಂಡು ಬದುಕಿದವನು ನಾನು," ಅಂದರು. ಅಂದು, ತಂತಿಗಳ ಬಗ್ಗೆ ನಿನಗೆ ಕಾಗದ ಬರೆಯಲು ಕೂತರು.

ಯಂತ್ರ ಸರಿಹೋಗುವ ತನಕ ಅಂತ ಹೇಳಿದ್ದು ನಾನು. ಬಾಗಿಲಲ್ಲಿ ಅಂಚೆಯವನು ನಿಂತಾಗಲೆಲ್ಲ ನಿನ್ನ ಅಕ್ಷರ ಕಂಡರೆ ನಾನು ಹೇಗೆ ಮರೆಯಲಿ ಅನ್ನುವುದಷ್ಟೇ ತಲೆಯಲ್ಲಿತ್ತು. ನಾನು ಬಿಟ್ಟದ್ದು ನನ್ನ ಮದುವೆಯನ್ನು. ಅಪ್ಪನಿಂದ ಬಿಡಿಸಿದ್ದು ಬೇರೊಂದನ್ನು, ಅದು ನನ್ನದಾಗಿರಲಿಲ್ಲ. ಅವರು ನನಗೆ ಕೊಟ್ಟ ಮಾತು ಮುರಿಯದೆ ನಿನಗೆ ಬರೆಯುವುದಕ್ಕೆ ಇಷ್ಟು ಸುಳ್ಳು ಕಾರಣ ಹುಡುಕಿದರಲ್ಲ, ಅದನ್ನು ನೋಡಲಾರೆ. ಆ ಮಾತನ್ನು ನಾನು ವಾಪಸ್ ತಗೊಂಡಿದ್ದೇನೆ.

ನನಗೆ ಉತ್ತರ ಬೇಡ. ಅವರಿಗೆ ಬರೆ.

ಲೆಕ್ಕದ ಮೇಷ್ಟ್ರು

ಸೆಪ್ಟೆಂಬರ್ 5

ಚಕ್ಕೆಗೆ,

ಈ ಕಾಗದದಲ್ಲಿ ಯಂತ್ರ ಇಲ್ಲ. ಅದಕ್ಕೇ ನಾಲ್ಕು ಹಾಳೆ ಹರಿದು ಹಾಕಿದೆ. ಬೆಲ್ಟು, ಪುಲ್ಲಿ ಅಂತಿದ್ದರೆ ಪೆನ್ನು ತಾನೇ ಓಡುತ್ತಿತ್ತು.

ಮಗ ನಿನಗೆ ಬರೆದನಂತೆ. ಏನು ಬರೆದ ಅಂತ ಕೇಳಲಿಲ್ಲ. ಸ್ಲೇಟಿನಲ್ಲಿ ಇನ್ನು ಏನು ಬೇಕಾದರೂ ಬರೆದುಕೋ ಅಪ್ಪಾ ಅಂತ ಬರೆದಿಟ್ಟು ಶಾಲೆಗೆ ಹೋದ. ಅದನ್ನು ಎರಡು ದಿನ ಅಳಿಸಲಿಲ್ಲ. ನಿಮ್ಮತ್ತೆ ಇನ್ನೇನೋ ಹೇಳಬೇಕಾಗಿ ಬಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಳು.

ನೀನು ಸುಳ್ಳು ಚುಕ್ಕೆ ಕೊರೆದೆ ಅಂತ ಬೇಜಾರು ಮಾಡಿಕೊಳ್ಳಬೇಡ. ನಾನೂ ಕಸುಬಿನಲ್ಲಿ ಸುಳ್ಳು ಹೇಳಿದೆ, ಮೊದಲ ಸಲ. ಆ ತುಂಡು ಅಳೆದು ಅರ್ಧ, ಅರ್ಧ, ಅರ್ಧ ಅಂತ ಬಂದಾಗ ನನಗೆ ಎಷ್ಟು ಸಂತೋಷವಾಯಿತು ಅಂದರೆ ವರ್ನಿಯರ್ ಕೆಳಗಿಟ್ಟು ಅದನ್ನು ಒಯ್ದು ಊಟದ ಮನೆಯ ಕಿಟಕಿಯಲ್ಲಿ ನಿಲ್ಲಿಸಿದೆ. ಕೈ ಬಿಟ್ಟು ಹೋಗಲಾರೆ ಅಂತ ಇಷ್ಟು ಕಷ್ಟಪಟ್ಟು ಹೇಳಿದವರು ನನಗೆ ಬೇರೆ ಯಾರೂ ಇಲ್ಲ.

ಆದರೆ ಒಂದು ವಿಷಯದಲ್ಲಿ ನನ್ನ ಮೇಲೆ ನನಗೇ ಸಿಟ್ಟಿದೆ. ನಾಲ್ಕು ಕಾಗದ ಬರೆದೆ. ಕೋಣೆಗೆ ಎಷ್ಟು ಕಿಟಕಿ ಅಂತ ಕೇಳಿದೆ, ನೀನು ಹೇಗಿದ್ದೀಯ ಅಂತ ಕೇಳಲಿಲ್ಲ. ಮಗನಿಗೆ ಮಾತು ಕೊಟ್ಟಿದ್ದೆ ಅನ್ನುವುದು ಅರ್ಧ ನಿಜ. ಕೇಳಿದರೆ ಚೆನ್ನಾಗಿಲ್ಲ ಅಂತ ಬರೆದುಬಿಡುತ್ತೀಯೇನೋ ಅಂತ ಹೆದರಿದ್ದೆ. ಪುಲ್ಲಿ ಜಾರಿದರೆ ಏನು ಮಾಡಬೇಕು ಅಂತ ನನಗೆ ಗೊತ್ತು. ಇದಕ್ಕೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಆದರೂ ಕೇಳುತ್ತೇನೆ. ಹೇಗಿದ್ದೀಯ ಮಗು?

ಇತಿ,
ನಿನ್ನ ಮಾವ

ಸೆಪ್ಟೆಂಬರ್ 9

ಮಾವ,

ಚೆನ್ನಾಗಿಲ್ಲ.

ಕೆಲಸ ಚೆನ್ನಾಗಿದೆ. ಇಪ್ಪತ್ನಾಲ್ಕು ಹಲಗೆಯೂ ಹೋದವು, ಇನ್ನೊಂದು ಶಾಲೆಯವರು ಕೇಳುತ್ತಿದ್ದಾರೆ. ಜ್ವರ, ನೋವು ಏನೂ ಇಲ್ಲ. ಆದರೆ ಸಂಜೆ ಬೀಗ ತೆಗೆದರೆ ಯಾರದು ಅಂತ ಒಳಗಿನಿಂದ ಒಂದು ದನಿ ಬರುವುದಿಲ್ಲ. ಊಟ ಮಾಡುತ್ತೇನೆ ಅಂತ ಅತ್ತೆಗೆ ಬರೆದಿದ್ದೆ. ನಿಂತುಕೊಂಡು ಮಾಡುತ್ತೇನೆ ಅಂತ ಬರೆದಿರಲಿಲ್ಲ. ಒಬ್ಬಳಿಗಾಗಿ ತಟ್ಟೆ ಹಾಕಿ ಕೂರುವುದು ಯಾಕೆ ಅನ್ನಿಸುತ್ತದೆ. ಹಿಂದೆ ನೀವು ಶೆಡ್ಡಿನಿಂದ ಕೂಗುತ್ತಿದ್ದಿರಿ, ನಿಮ್ಮ ಕಿವಿ ಕೇಳದು ಅಂತ ನಾನು ಇನ್ನೂ ಜೋರಾಗಿ ಕೂಗುತ್ತಿದ್ದೆ. ಎಷ್ಟು ದಿನವಾಯಿತು ನಾನು ಜೋರಾಗಿ ಮಾತಾಡಿ.

ಏನು ಮಾಡಬೇಕು ಅಂತ ಗೊತ್ತಿಲ್ಲ ಅಂದಿರಿ. ನನಗೆ ಗೊತ್ತು. ಭಾನುವಾರ ಬನ್ನಿ. ಬೆಳಗಿನ ಬಸ್ಸು ಹತ್ತಕ್ಕೆ ಇಲ್ಲಿಗೆ ಬರುತ್ತದೆ. ಅತ್ತೆಯ ಮೊಣಕಾಲು ಒಪ್ಪಿದರೆ ಅವರನ್ನೂ ಕರೆದುಕೊಂಡು ಬನ್ನಿ. ಹದಿನಾರು ಮೆಟ್ಟಿಲಿದೆ, ಬೈದುಕೊಂಡು ಹತ್ತಲಿ. ನಾನು ಎಂಟಕ್ಕೇ ಬಸ್ ಸ್ಟಾಪಿನಲ್ಲಿರುತ್ತೇನೆ.

ನಿಮ್ಮ
ಚಕ್ಕೆ